ಪ್ರಶ್ನೆ ಒಂದು, ಪಾಠ ಹಲವು: ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನದ ಸಮನ್ವಯ

ಶಿಕ್ಷಕಿ: ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನವನ್ನು ಭಾಷೆ, ಗಣಿತ, ಸಮಾಜ ವಿಜ್ಞಾನ, ಕಲೆಗಳೊಂದಿಗೆ ಬೆಸೆದು ಕಲಿಸಬೇಕು ಎನ್ನುತ್ತಾರೆ. ಬೆಸೆಯುವುದೆಂದರೆ ತರಗತಿಯೊಳಗೆ ನಿಜವಾಗಿ ಏನು ನಡೆಯಬೇಕು?

ಸಂಪನ್ಮೂಲ ವ್ಯಕ್ತಿ: ಮಕ್ಕಳ ಮುಂದೆ ಒಂದು ಪ್ರಶ್ನೆ ಇರಬೇಕು. ಅದರ ಉತ್ತರ ಹುಡುಕುತ್ತ ಹೋದಂತೆ ಒಂದಕ್ಕಿಂತ ಹೆಚ್ಚು ವಿಷಯಗಳ ನೆರವು ಬೇಕೇ ಬೇಕು ಎನ್ನುವಂತಾಗಬೇಕು. ‘ಈ ವಾರ ನಮ್ಮೂರಿನಲ್ಲಿ ಎಷ್ಟು ಮಳೆ ಬಿತ್ತು?’ ಎಂಬುದು ಅಂಥ ಪ್ರಶ್ನೆ. ಅಳತೆ ಗೊತ್ತಿಲ್ಲದೆ ಅದಕ್ಕೆ ಉತ್ತರವಿಲ್ಲ. ದಿನದಿನದ ಲೆಕ್ಕ ಬರೆದಿಡದಿದ್ದರೆ ವಾರದ ಲೆಕ್ಕ ಸಿಗುವುದಿಲ್ಲ. ಬಿದ್ದ ಮಳೆ ಬೆಳೆಗೆ ಸಾಕೇ ಎಂದು ತಿಳಿಯಲು ಊರಿನ ರೈತರನ್ನು ಕೇಳಬೇಕು. ಇಲ್ಲಿ ವಿಜ್ಞಾನ, ಗಣಿತ, ಭಾಷೆ, ಸಮಾಜ ತಾವಾಗಿಯೇ ಕೂಡುತ್ತವೆ.

ಶಿಕ್ಷಕಿ: ಸಾಮಾನ್ಯವಾಗಿ ನಡೆಯುವುದು ಬೇರೆ. ಒಂದು ವಾರಕ್ಕೆ ‘ಮಾವು’ ಎಂಬ ವಿಷಯ ಇಟ್ಟುಕೊಳ್ಳುತ್ತಾರೆ. ಭಾಷೆಯ ಅವಧಿಯಲ್ಲಿ ಮಾವಿನ ಹಾಡು, ಗಣಿತದಲ್ಲಿ ಮಾವಿನಕಾಯಿ ಎಣಿಸುವ ಲೆಕ್ಕ, ಚಿತ್ರಕಲೆಯಲ್ಲಿ ಮಾವಿನ ಎಲೆಗೆ ಬಣ್ಣ, ಪರಿಸರ ಅಧ್ಯಯನದಲ್ಲಿ ‘ಮಾವು ಹಣ್ಣುಗಳ ರಾಜ’ ಎಂಬ ವಾಕ್ಯ. ಇದೂ ಸಮನ್ವಯವೇ ತಾನೇ?

ಸಂಪನ್ಮೂಲ ವ್ಯಕ್ತಿ: ಅಲ್ಲಿ ಕೂಡಿರುವುದು ಹೆಸರು ಮಾತ್ರ. ಮಾವನ್ನು ತೆಗೆದು ಬಾಳೆ ಇಟ್ಟರೂ ಆ ವಾರ ಹಾಗೆಯೇ ಸಾಗುತ್ತದೆ. ಮಾವಿನ ಬಗ್ಗೆ ಮಗು ಹೊಸದಾಗಿ ಏನನ್ನೂ ಕಂಡುಕೊಂಡಿರುವುದಿಲ್ಲ. ಅದೇ ಮಾವನ್ನು ಹಿಡಿದು ‘ಮರ ತುಂಬ ಹೂ ಬಿಟ್ಟರೂ ಕಾಯಿ ಇಷ್ಟು ಕಡಿಮೆ ಏಕೆ?’ ಎಂದು ಕೇಳಿದರೆ ಕೆಲಸದ ರೂಪವೇ ಬದಲಾಗುತ್ತದೆ. ಒಂದು ಗೊಂಚಲಿಗೆ ದಾರ ಕಟ್ಟಿ ಗುರುತು ಮಾಡಬೇಕು, ವಾರವಾರ ಎಣಿಸಬೇಕು, ಉದುರಿದ್ದೆಷ್ಟು, ಉಳಿದದ್ದೆಷ್ಟು ಎಂದು ಬರೆಯಬೇಕು, ತೋಟದವರನ್ನು ವಿಚಾರಿಸಬೇಕು. ಸಮನ್ವಯ ಸರಿಯಾಗಿದೆಯೇ ಎಂದು ನೋಡಲು ಒಂದು ಸರಳ ಪರೀಕ್ಷೆ ಸಾಕು: ಜೊತೆಗೆ ತಂದ ಇನ್ನೊಂದು ವಿಷಯವನ್ನು ತೆಗೆದುಹಾಕಿದರೆ ಮಕ್ಕಳ ಹುಡುಕಾಟ ನಿಲ್ಲುತ್ತದೆಯೇ? ನಿಲ್ಲುವುದಾದರೆ ಆ ವಿಷಯಕ್ಕೆ ಅಲ್ಲಿ ಸ್ಥಾನವಿದೆ. ನಿಲ್ಲದಿದ್ದರೆ ಅದು ಬರೀ ಅಲಂಕಾರ.

ಶಿಕ್ಷಕಿ: ಈ ವಿಚಾರ ಇತ್ತೀಚಿನದೇ?

ಸಂಪನ್ಮೂಲ ವ್ಯಕ್ತಿ: ನೂರು ವರ್ಷಕ್ಕೂ ಹಿಂದಿನದು. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1896ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಶಾಲೆ ತೆರೆದರು. ಅಡುಗೆ, ಮರಗೆಲಸ, ನೇಯ್ಗೆಗಳ ಮೂಲಕ ಅಲ್ಲಿನ ಮಕ್ಕಳು ವಿಜ್ಞಾನ, ಇತಿಹಾಸ, ಲೆಕ್ಕಗಳನ್ನು ಕಲಿಯುತ್ತಿದ್ದರು. ಭಾರತದಲ್ಲಿ 1937ರ ಅಕ್ಟೋಬರ್‌ನಲ್ಲಿ ವರ್ಧಾದಲ್ಲಿ ಸೇರಿದ ಸಮ್ಮೇಳನದಲ್ಲಿ ಗಾಂಧೀಜಿ ಮೂಲ ಶಿಕ್ಷಣದ ಯೋಜನೆಯನ್ನು ಮುಂದಿಟ್ಟರು. ಜಾಕಿರ್ ಹುಸೇನ್ ಅಧ್ಯಕ್ಷತೆಯ ಸಮಿತಿ ಅದಕ್ಕೆ ಪಠ್ಯಕ್ರಮದ ರೂಪ ಕೊಟ್ಟಿತು. ಕೈಕಸುಬು, ನಿಸರ್ಗ, ಸಮಾಜ ಎಂಬ ಮೂರು ನೆಲೆಗಳ ಸುತ್ತ ಉಳಿದೆಲ್ಲ ಪಾಠಗಳನ್ನೂ ಹೊಂದಿಸಬೇಕೆಂಬುದು ಅದರ ಆಶಯ. ನೂಲುವಾಗ ನೂಲಿನ ಉದ್ದದ ಲೆಕ್ಕ, ಹತ್ತಿ ಬೆಳೆಯುವ ಮಣ್ಣಿನ ಪರಿಚಯ, ಬಟ್ಟೆಯ ಚರಿತ್ರೆ ಎಲ್ಲವೂ ಬರುತ್ತವೆ ಎಂಬ ನಂಬಿಕೆ ಅದರ ಹಿಂದಿತ್ತು.

ಶಿಕ್ಷಕಿ: ತಕಲಿಯೊಂದರಿಂದಲೇ ಎಲ್ಲ ಪಾಠ ಹೊರಡಿಸಲು ಹೋಗಿ ಎಷ್ಟೋ ಕಡೆ ಅದು ಒತ್ತಾಯದ ಜೋಡಣೆಯಾಯಿತು ಎಂಬ ಟೀಕೆಯೂ ಇದೆ.

ಸಂಪನ್ಮೂಲ ವ್ಯಕ್ತಿ: ಆ ಟೀಕೆಯನ್ನು ಒಪ್ಪಬೇಕು. ಮೂಲ ಆಶಯ ಗಟ್ಟಿಯಾಗಿತ್ತು. ಯಾವ ಪಾಠ ಸಹಜವಾಗಿ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂಬ ವಿವೇಚನೆ ತಪ್ಪಿದ ಕಡೆ ಅದು ಸೊರಗಿತು. ಆಮೇಲಿನ ಪಠ್ಯಕ್ರಮಗಳಲ್ಲೂ ಈ ಎಳೆ ಮುಂದುವರಿದಿದೆ. 1975ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಪ್ರಾಥಮಿಕ ಹಂತಕ್ಕೆ ‘ಪರಿಸರ ಅಧ್ಯಯನ’ವನ್ನು ಶಿಫಾರಸು ಮಾಡಿತು. 2005ರ ಚೌಕಟ್ಟು ಒಂದು, ಎರಡನೆಯ ತರಗತಿಗಳಲ್ಲಿ ಅದನ್ನು ಭಾಷೆ ಮತ್ತು ಗಣಿತದೊಳಗೇ ಸೇರಿಸಿತು. ಮೂರರಿಂದ ಐದನೆಯ ತರಗತಿಯವರೆಗೆ ವಿಜ್ಞಾನ, ಸಮಾಜ ವಿಜ್ಞಾನ, ಪರಿಸರ ಶಿಕ್ಷಣ ಮೂರನ್ನೂ ಕೂಡಿಸಿ ಒಂದೇ ವಿಷಯವಾಗಿಸಿತು. ಅದಕ್ಕೆ ಅನುಗುಣವಾಗಿ ಎನ್‌ಸಿಇಆರ್‌ಟಿ ಆರು ವಸ್ತುಗಳನ್ನು ಆರಿಸಿಕೊಂಡಿತು: ಕುಟುಂಬ ಮತ್ತು ಗೆಳೆಯರು, ಆಹಾರ, ವಸತಿ, ನೀರು, ಪ್ರಯಾಣ, ನಾವು ಮಾಡುವ ವಸ್ತುಗಳು ಮತ್ತು ಕೆಲಸಗಳು. ಗಿಡಗಳನ್ನೂ ಪ್ರಾಣಿಗಳನ್ನೂ ‘ಕುಟುಂಬ ಮತ್ತು ಗೆಳೆಯರು’ ಎಂಬ ವಸ್ತುವಿನೊಳಗೇ ಇಟ್ಟಿದ್ದರು. ಮಗುವಿನ ಲೋಕದಲ್ಲಿ ಮನೆಯ ಹಸು, ಹಿತ್ತಿಲ ನುಗ್ಗೆಮರ ಇರುವುದು ಅಲ್ಲಿಯೇ. ಕರ್ನಾಟಕದಲ್ಲೂ ಐದನೆಯ ತರಗತಿಯವರೆಗೆ ಪರಿಸರ ಅಧ್ಯಯನ, ಆರರಿಂದ ವಿಜ್ಞಾನ ಮತ್ತು ಸಮಾಜ ವಿಜ್ಞಾನ ಬೇರೆ ಬೇರೆ.

ಶಿಕ್ಷಕಿ: ಪುಸ್ತಕ ಒಂದಾದ ಮಾತ್ರಕ್ಕೆ ಕಲಿಕೆ ಒಂದಾಗುವುದಿಲ್ಲವಲ್ಲ.

ಸಂಪನ್ಮೂಲ ವ್ಯಕ್ತಿ: ಆಗುವುದಿಲ್ಲ. ಒಂದೇ ಪುಸ್ತಕದೊಳಗೆ ಒಂದು ಪಾಠ ಪಂಚಾಯತಿಯದು, ಮುಂದಿನದು ಬೇರು-ಕಾಂಡದ್ದು ಎಂದು ಓದಿಸಿದರೆ ಎರಡು ಪುಸ್ತಕ ಒಂದೇ ರಟ್ಟಿನೊಳಗೆ ಸೇರಿದಂತೆ ಅಷ್ಟೇ. ಸಮನ್ವಯ ನಡೆಯುವುದು ಶಿಕ್ಷಕರು ಕೇಳುವ ಪ್ರಶ್ನೆಯಲ್ಲಿ ಮತ್ತು ಮಕ್ಕಳು ಮಾಡುವ ಕೆಲಸದಲ್ಲಿ.

ಶಿಕ್ಷಕಿ: ಹಾಗಾದರೆ ಒಂದೊಂದು ವಿಷಯವನ್ನೇ ತೆಗೆದುಕೊಂಡು ನೋಡಬಹುದು. ಭಾಷೆಯಿಂದ ಆರಂಭಿಸಿದರೆ, ವಿಜ್ಞಾನಕ್ಕೆ ಭಾಷೆ ಎಲ್ಲಿ ಅನಿವಾರ್ಯ?

ಸಂಪನ್ಮೂಲ ವ್ಯಕ್ತಿ: ಮೊದಲನೆಯದಾಗಿ, ಕಂಡದ್ದನ್ನು ಕಂಡಂತೆ ಹೇಳುವುದರಲ್ಲಿ. ಕಂಡದ್ದು, ಊಹಿಸಿದ್ದು, ಬೇರೆಯವರಿಂದ ಕೇಳಿದ್ದು ಈ ಮೂರನ್ನೂ ಬೇರೆಬೇರೆಯಾಗಿ ಇಡುವುದೇ ವಿಜ್ಞಾನದ ಮೊದಲ ಶಿಸ್ತು. ಕನ್ನಡದ ಕ್ರಿಯಾರೂಪಗಳು ಈ ವ್ಯತ್ಯಾಸವನ್ನು ಸಲೀಸಾಗಿ ಹಿಡಿಯುತ್ತವೆ. ‘ಮಳೆ ಬಂತು’ ಎನ್ನುವವರು ಮಳೆ ಕಂಡವರು. ‘ಮಳೆ ಬಂದಿರಬೇಕು’ ಎನ್ನುವವರು ಒದ್ದೆ ನೆಲ ಕಂಡು ಊಹಿಸಿದವರು. ‘ಮಳೆ ಬಂತಂತೆ’ ಎನ್ನುವವರು ಯಾರೋ ಹೇಳಿದ್ದನ್ನು ಕೇಳಿದವರು. ಮೂರನೆಯ ತರಗತಿಯ ಮಗುವೂ ಮಾತಿನಲ್ಲಿ ಈ ಮೂರನ್ನೂ ತಪ್ಪಿಲ್ಲದೆ ಬಳಸುತ್ತದೆ. ವೀಕ್ಷಣೆಯ ಪುಸ್ತಕದಲ್ಲಿ ಮೂರು ಕಾಲಂ ಹಾಕಿಸಿ ಪ್ರತಿಯೊಂದು ವಾಕ್ಯವನ್ನೂ ಅದರದರ ಕಾಲಂನಲ್ಲಿ ಬರೆಸಿದರೆ ವ್ಯಾಕರಣವೂ ಸಾಕ್ಷ್ಯದ ಪರಿಕಲ್ಪನೆಯೂ ಒಟ್ಟಿಗೆ ಬೆಳೆಯುತ್ತವೆ.

ಶಿಕ್ಷಕಿ: ಬರವಣಿಗೆಯ ಅಭ್ಯಾಸವೂ ಆಗುತ್ತದೆ. ಮಾಡಿದ ಪ್ರಯೋಗವನ್ನು ಇನ್ನೊಂದು ತಂಡ ಓದಿ ಹಾಗೆಯೇ ಮಾಡಿ ನೋಡಬೇಕು ಎಂದರೆ ಮಕ್ಕಳು ‘ಸ್ವಲ್ಪ ನೀರು ಹಾಕಿ’ ಎಂದು ಬರೆದು ಸುಮ್ಮನಾಗುವಂತಿಲ್ಲ. ಎರಡು ಚಮಚವೋ ಅರ್ಧ ಲೋಟವೋ ಹೇಳಲೇಬೇಕು. ಖಚಿತವಾಗಿ ಬರೆಯಬೇಕು ಎಂದು ಹತ್ತು ಸಲ ಹೇಳಿದರೂ ಬಾರದ ಬುದ್ಧಿ, ಎರಡನೆಯ ತಂಡದ ಪ್ರಯೋಗ ಕೆಟ್ಟಾಗ ಒಂದೇ ಸಲಕ್ಕೆ ಬರುತ್ತದೆ.

ಸಂಪನ್ಮೂಲ ವ್ಯಕ್ತಿ: ಓದಿಗೂ ಇಲ್ಲಿ ಜಾಗವಿದೆ. ಶಿವರಾಮ ಕಾರಂತರ ‘ಬಾಲಪ್ರಪಂಚ’ ಮತ್ತು ‘ವಿಜ್ಞಾನ ಪ್ರಪಂಚ’ ಸಂಪುಟಗಳು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಮಾಸಿಕ ಇವೆಲ್ಲ ಕನ್ನಡದಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಲು ನಡೆದ ದೊಡ್ಡ ಪ್ರಯತ್ನಗಳು. ಇಂಥ ಬರಹದ ಒಂದು ಪುಟವನ್ನು ಭಾಷೆಯ ಅವಧಿಯಲ್ಲಿ ಓದಿಸಿ, ಅದರಲ್ಲಿ ಲೇಖಕರು ಯಾವುದನ್ನು ವಿವರಿಸಿದ್ದಾರೆ, ಯಾವುದಕ್ಕೆ ಕಾರಣ ಕೊಟ್ಟಿದ್ದಾರೆ, ಯಾವುದಕ್ಕೆ ಉದಾಹರಣೆ ಕೊಟ್ಟಿದ್ದಾರೆ ಎಂದು ಹುಡುಕಿಸಬಹುದು. ಕಥೆ, ಪದ್ಯಗಳ ಓದಿಗಿಂತ ಇದು ಬೇರೆ ಬಗೆಯ ಓದು. ಮುಂದೆ ಎಲ್ಲ ವಿಷಯದ ಪುಸ್ತಕಗಳಿಗೂ ಬೇಕಾಗುವ ಓದು.

ಶಿಕ್ಷಕಿ: ಗಣಿತದ ಮಾತು ಬಂದಾಗ ಹೆಚ್ಚಿನವರು ಎಣಿಕೆಗೇ ನಿಲ್ಲುತ್ತಾರೆ.

ಸಂಪನ್ಮೂಲ ವ್ಯಕ್ತಿ: ಎಣಿಕೆಯಿಂದಲೇ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಹೆಸರುಕಾಳಿನ ಪ್ರಯೋಗವನ್ನೇ ನೋಡಬಹುದು. ಮೂರು ತಟ್ಟೆಗಳಲ್ಲಿ ಹತ್ತು ಹತ್ತು ಕಾಳು. ಒಂದರಲ್ಲಿ ಒಣ ಬಟ್ಟೆ, ಇನ್ನೊಂದರಲ್ಲಿ ಒದ್ದೆ ಬಟ್ಟೆ, ಮೂರನೆಯದರಲ್ಲಿ ಕಾಳು ಪೂರ್ತಿ ಮುಳುಗುವಷ್ಟು ನೀರು. ಒಣ ಕಾಳು ಹಾಗೆಯೇ ಇರುತ್ತದೆ, ಒದ್ದೆ ಬಟ್ಟೆಯದು ಚೆನ್ನಾಗಿ ಮೊಳೆಯುತ್ತದೆ, ಮುಳುಗಿದ ಕಾಳು ಒಂದಿಷ್ಟು ಮೊಳಕೆ ತೋರಿದರೂ ಗಾಳಿ ಸಾಲದೆ ಕೊಳೆಯತೊಡಗುತ್ತದೆ. ಇಷ್ಟು ವಿಜ್ಞಾನ. ಈಗ ಮಕ್ಕಳನ್ನು ಕೇಳಬೇಕು: ಒಂದೊಂದೇ ಕಾಳು ಇಟ್ಟಿದ್ದರೆ ಸಾಲುತ್ತಿರಲಿಲ್ಲವೇ? ಇಟ್ಟ ಆ ಒಂದು ಕಾಳೇ ಹುಳುಕಾಗಿದ್ದರೆ ತೀರ್ಮಾನ ತಪ್ಪುತ್ತಿತ್ತು ಎಂದು ಯಾರಾದರೂ ಹೇಳುತ್ತಾರೆ. ಹೆಚ್ಚು ಕಾಳು ಏಕೆ ಬೇಕು ಎಂಬುದು ಸಂಖ್ಯಾಶಾಸ್ತ್ರದ ಮೊದಲ ಪಾಠ.

ಶಿಕ್ಷಕಿ: ಒಂದು ತಂಡದಲ್ಲಿ ಹತ್ತರಲ್ಲಿ ಎಂಟು ಮೊಳೆತು, ಇನ್ನೊಂದು ತಂಡ ಇಪ್ಪತ್ತು ಕಾಳು ಇಟ್ಟು ಹದಿನೈದು ಮೊಳೆತರೆ, ಯಾರ ಬೀಜ ಒಳ್ಳೆಯದು? ಹದಿನೈದು ದೊಡ್ಡದು ಎಂದು ಮಕ್ಕಳು ಕೂಗುತ್ತಾರೆ. ಹತ್ತರಲ್ಲಿ ಎಂಟೆಂದರೆ ಇಪ್ಪತ್ತರಲ್ಲಿ ಹದಿನಾರು ಎಂದು ಹೊಂದಿಸಿ ನೋಡಿದಾಗ ಸಮಾನ ಭಿನ್ನರಾಶಿ ಯಾವ ಕೆಲಸಕ್ಕೆ ಬರುತ್ತದೆ ಎಂದು ತಿಳಿಯುತ್ತದೆ.

ಸಂಪನ್ಮೂಲ ವ್ಯಕ್ತಿ: ಅದೇ ನಿಜವಾದ ಸಮನ್ವಯ. ಭಿನ್ನರಾಶಿ ಇಲ್ಲದೆ ವಿಜ್ಞಾನದ ಪ್ರಶ್ನೆ ಅರ್ಧದಲ್ಲೇ ನಿಲ್ಲುತ್ತಿತ್ತು.

ಶಿಕ್ಷಕಿ: ಮೊದಲು ಹೇಳಿದ ಮಳೆಯ ಪ್ರಶ್ನೆಯನ್ನು ಪೂರ್ತಿ ಒಂದು ಘಟಕವಾಗಿ ಬೆಳೆಸಿದರೆ ಹೇಗಿರುತ್ತದೆ?

ಸಂಪನ್ಮೂಲ ವ್ಯಕ್ತಿ: ಕರ್ನಾಟಕದ ಶಾಲೆಗಳಿಗೆ ಅದರಷ್ಟು ಹೊಂದುವ ಘಟಕ ಇನ್ನೊಂದಿಲ್ಲ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವುದೂ ಮುಂಗಾರು ಬರುವುದೂ ಹೆಚ್ಚುಕಡಿಮೆ ಒಟ್ಟಿಗೆ. ಎರಡು ಲೀಟರಿನ ಪಾರದರ್ಶಕ ಬಾಟಲಿಯ ಕತ್ತಿನ ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿಸಿ ಆಲಿಕೆಯಂತೆ ಕೂರಿಸಿದರೆ ಮಳೆ ಮಾಪಕ ಸಿದ್ಧ. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಕಲ್ಲುಹರಳು ಹಾಕಿ, ನೇರ ಗೋಡೆ ಶುರುವಾಗುವ ಮಟ್ಟದವರೆಗೆ ನೀರು ತುಂಬಿ ಆ ಗೆರೆಯನ್ನು ಸೊನ್ನೆ ಎಂದು ಗುರುತಿಸಬೇಕು. ಅಲ್ಲಿಂದ ಮೇಲಕ್ಕೆ ಅಳತೆಪಟ್ಟಿ ಅಂಟಿಸಿ ಮಿಲಿಮೀಟರ್ ಓದಬೇಕು. ಮರ, ಸೂರುಗಳಿಂದ ದೂರವಾಗಿ ಬಯಲಲ್ಲಿ ಇಡಬೇಕು. ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಓದುತ್ತದೆ, ಶಾಲೆಯೂ ಪ್ರತಿದಿನ ಒಂದೇ ಹೊತ್ತಿಗೆ, ಉದಾಹರಣೆಗೆ ಪ್ರಾರ್ಥನೆಗೆ ಮುನ್ನ, ಓದಿ ಬರೆದು ಸೊನ್ನೆಯ ಗೆರೆಗೆ ನೀರು ಇಳಿಸಬೇಕು.

ಶಿಕ್ಷಕಿ: ಮಕ್ಕಳು ಮೊದಲು ಕೇಳುವ ಪ್ರಶ್ನೆ ಗೊತ್ತಿದೆ. ದೊಡ್ಡ ಡಬ್ಬಿ ಇಟ್ಟರೆ ಹೆಚ್ಚು ಮಳೆ ತೋರಿಸುವುದಿಲ್ಲವೇ?

ಸಂಪನ್ಮೂಲ ವ್ಯಕ್ತಿ: ಆ ಪ್ರಶ್ನೆಯನ್ನು ಹಾಗೆಯೇ ಬಿಟ್ಟು, ಅಗಲದ ಡಬ್ಬಿ, ಸಪೂರ ಡಬ್ಬಿ ಎರಡನ್ನೂ ಅಕ್ಕಪಕ್ಕ ಇಡಿಸಬೇಕು. ಗೋಡೆ ನೇರವಾಗಿದ್ದು ಬಾಯಿ, ತಳ ಒಂದೇ ಅಗಲವಿದ್ದರೆ ಎರಡರಲ್ಲೂ ನೀರಿನ ಎತ್ತರ ಒಂದೇ ಬರುತ್ತದೆ. ಅಗಲದ ಡಬ್ಬಿಗೆ ಹೆಚ್ಚು ನೀರು ಬಿದ್ದರೂ ಅದು ಹರಡಿಕೊಳ್ಳಲು ಜಾಗವೂ ಅಷ್ಟೇ ಹೆಚ್ಚು. ಮಳೆಯನ್ನು ಲೀಟರಿನಲ್ಲಿ ಹೇಳದೆ ಎತ್ತರದಲ್ಲಿ ಏಕೆ ಹೇಳುತ್ತಾರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮುಂದೆ ಲೆಕ್ಕ ಸುಲಭ: ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲದ ಕೋಣೆಯ ಚಾವಣಿ 48 ಚದರ ಮೀಟರ್. ಹತ್ತು ಮಿಲಿಮೀಟರ್ ಮಳೆಗೆ ಅದರ ಮೇಲೆ 480 ಲೀಟರ್ ಬೀಳುತ್ತದೆ. ಶಾಲೆಯ ಅರವತ್ತು ಮಕ್ಕಳು ದಿನಕ್ಕೆ ತಲಾ ಒಂದು ಲೀಟರ್ ಬಳಸಿದರೆ ಎಂಟು ದಿನದ ನೀರು. ಮಳೆಕೊಯ್ಲು ಎಂಬುದು ಘೋಷಣೆಯ ಮಟ್ಟ ಬಿಟ್ಟು ಮಕ್ಕಳ ಸ್ವಂತ ಲೆಕ್ಕವಾಗುವುದು ಇಲ್ಲಿ.

ಶಿಕ್ಷಕಿ: ಇದರಲ್ಲಿ ಸಮಾಜ ವಿಜ್ಞಾನ ಎಲ್ಲಿ ಸೇರುತ್ತದೆ?

ಸಂಪನ್ಮೂಲ ವ್ಯಕ್ತಿ: ಎರಡು ಕಡೆ. ಒಂದು ಭೂಗೋಳ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಅದರ ಹತ್ತನೆಯ ಒಂದು ಭಾಗವೂ ಬೀಳುವುದಿಲ್ಲ. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಪಶ್ಚಿಮ ಘಟ್ಟವನ್ನು ಏರುವಾಗ ತಣಿದು ಮಳೆ ಸುರಿಸುತ್ತದೆ, ಘಟ್ಟ ದಾಟಿ ಇಳಿದ ಗಾಳಿಯಲ್ಲಿ ತೇವ ಕಡಿಮೆ. ತಮ್ಮೂರಿನ ಅಂಕಿಯನ್ನು ನಕ್ಷೆಯ ಮೇಲೆ ಇಟ್ಟು ನೋಡುವ ಮಗುವಿಗೆ ಈ ವಿವರಣೆ ಬೇಕೆನಿಸುತ್ತದೆ. ಇನ್ನೊಂದು, ಊರಿನ ಜನರ ತಿಳಿವಳಿಕೆ. ರೈತರು ಮಳೆಯನ್ನು ನಕ್ಷತ್ರದ ಹೆಸರಿನಿಂದ ಲೆಕ್ಕ ಹಾಕುತ್ತಾರೆ: ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘಾ, ಹುಬ್ಬ, ಉತ್ತರೆ, ಹಸ್ತ. ವರ್ಷವನ್ನು ಇಪ್ಪತ್ತೇಳು ನಕ್ಷತ್ರಗಳಿಗೆ ಹಂಚಿದರೆ ಒಂದೊಂದು ಮಳೆಗೆ ಹದಿಮೂರರಿಂದ ಹದಿನಾಲ್ಕು ದಿನ. ಜೂನ್ ಎರಡನೆಯ ವಾರದ ಹೊತ್ತಿಗೆ ಮೃಗಶಿರ ಹುಟ್ಟುತ್ತದೆ, ಜೂನ್ ಮೂರನೆಯ ವಾರ ಕಳೆಯುತ್ತಿದ್ದಂತೆ ಆರಿದ್ರಾ. ಯಾವ ಮಳೆಗೆ ಯಾವ ಬಿತ್ತನೆ, ಯಾವ ಮಳೆ ಕೈಕೊಟ್ಟರೆ ಏನಾಗುತ್ತದೆ ಎಂದು ಮಕ್ಕಳು ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬರುತ್ತಾರೆ. ಮಳೆಯ ಗಾದೆಗಳೂ ಆ ಬರಹದೊಳಗೆ ತಾವಾಗಿ ಬಂದು ಸೇರುತ್ತವೆ.

ಶಿಕ್ಷಕಿ: ಗಾದೆಯನ್ನು ನಂಬಬೇಕೇ, ಪರೀಕ್ಷಿಸಬೇಕೇ?

ಸಂಪನ್ಮೂಲ ವ್ಯಕ್ತಿ: ಗೌರವದಿಂದ ಕೇಳಿಸಿಕೊಳ್ಳಬೇಕು, ಆಮೇಲೆ ಅಳೆದು ನೋಡಬೇಕು. ಶಾಲೆಯ ಮಳೆ ಪುಸ್ತಕದಲ್ಲಿ ತಿಂಗಳ ಮೊತ್ತದ ಪಕ್ಕದಲ್ಲೇ ನಕ್ಷತ್ರದ ಮೊತ್ತವನ್ನೂ ಬರೆದರೆ ‘ಈ ಸಲ ಆರಿದ್ರಾ ಚೆನ್ನಾಗಿ ಹುಯ್ದಿತು’ ಎಂಬ ಮಾತಿಗೆ ಅಂಕಿಯ ಆಧಾರ ಸಿಗುತ್ತದೆ. ಒಂದು ವರ್ಷದ ಅಂಕಿಯಿಂದ ಗಾದೆ ಸರಿ ಅಥವಾ ತಪ್ಪು ಎನ್ನುವಂತಿಲ್ಲ ಎಂಬುದನ್ನೂ ಮಕ್ಕಳು ತಿಳಿಯಬೇಕು. ಪುಸ್ತಕವನ್ನು ಮುಂದಿನ ವರ್ಷದ ಮಕ್ಕಳಿಗೆ ಒಪ್ಪಿಸಿದರೆ ಹತ್ತು ವರ್ಷದಲ್ಲಿ ಅದು ಊರಿನ ದಾಖಲೆಯಾಗುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆ ಮಾಪಕಗಳನ್ನು ಇಟ್ಟಿದೆ. ಅದರ ಅಂಕಿಯೊಂದಿಗೆ ಶಾಲೆಯ ಅಂಕಿಯನ್ನು ಹೋಲಿಸಬಹುದು. ಎರಡೂ ಹೊಂದದಿದ್ದರೆ ಏಕೆ ಎಂಬ ಚರ್ಚೆ ಇನ್ನೂ ಒಳ್ಳೆಯ ವಿಜ್ಞಾನ: ಮಾಪಕ ಓರೆಯಾಗಿತ್ತೇ, ಓದಿದ ಹೊತ್ತು ಬೇರೆಯೇ, ಅಥವಾ ಆ ಸಂಜೆ ಕೆರೆಯ ಆಚೆ ಬಿದ್ದ ಮಳೆ ಈಚೆ ಬೀಳಲಿಲ್ಲವೇ?

ಶಿಕ್ಷಕಿ: ನಗರದ ಶಾಲೆಗೆ ಹೊಲ, ಬಿತ್ತನೆ ಇಲ್ಲ. ಅಲ್ಲಿ ಯಾವ ಪ್ರಶ್ನೆ ಹೊಂದುತ್ತದೆ?

ಸಂಪನ್ಮೂಲ ವ್ಯಕ್ತಿ: ನೆರಳು ಎಲ್ಲ ಊರಿನಲ್ಲೂ ಇದೆ. ಅಂಗಳದಲ್ಲಿ ಒಂದು ಮೀಟರ್ ಕೋಲನ್ನು ನೇರವಾಗಿ ನಿಲ್ಲಿಸಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಹದಿನೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿದರೆ ಸಾಕು. ಉದ್ದಗಳನ್ನು ಗ್ರಾಫ್ ಮಾಡಿದಾಗ ಅತಿ ಗಿಡ್ಡ ನೆರಳು ಸರಿಯಾಗಿ ಹನ್ನೆರಡಕ್ಕೆ ಬೀಳುವುದಿಲ್ಲ ಎಂದು ಮಕ್ಕಳು ಕಾಣುತ್ತಾರೆ. ಬೆಂಗಳೂರಿನಲ್ಲಿ ಅದು ಸರಾಸರಿ 12.20ರ ಸುಮಾರಿಗೆ, ಮಂಗಳೂರಿನಲ್ಲಿ 12.30ರ ಸುಮಾರಿಗೆ, ಋತುವಿಗೆ ತಕ್ಕಂತೆ ಕಾಲು ಗಂಟೆ ಹಿಂದೆ ಮುಂದೆ ಆಗುತ್ತದೆ. ಗಡಿಯಾರ ತಪ್ಪೇ, ಸೂರ್ಯ ತಪ್ಪೇ ಎಂದು ಅವರು ಕೇಳಿದ ಆ ಕ್ಷಣವೇ ರೇಖಾಂಶದ ಪಾಠಕ್ಕೆ ಸರಿಯಾದ ಹೊತ್ತು. ದೇಶದ ಗಡಿಯಾರ ನಡೆಯುವುದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಬೆಂಗಳೂರು ಆ ರೇಖೆಗಿಂತ ಸುಮಾರು ಐದು ಡಿಗ್ರಿ ಪಶ್ಚಿಮದಲ್ಲಿದೆ, ಆದ್ದರಿಂದ ಸುಮಾರು ಇಪ್ಪತ್ತು ನಿಮಿಷ ತಡ. ಮಂಗಳೂರು ಇನ್ನೂ ಪಶ್ಚಿಮಕ್ಕಿದೆ, ಅಲ್ಲಿ ಇನ್ನೂ ತಡ.

ಶಿಕ್ಷಕಿ: ಶೂನ್ಯ ನೆರಳಿನ ದಿನವನ್ನೂ ಇದರೊಂದಿಗೆ ಸೇರಿಸಬಹುದು.

ಸಂಪನ್ಮೂಲ ವ್ಯಕ್ತಿ: ಸೇರಿಸಬೇಕು. ಕರ್ನಾಟಕ ಪೂರ್ತಿಯಾಗಿ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿರುವುದರಿಂದ ರಾಜ್ಯದ ಪ್ರತಿ ಊರಿನಲ್ಲೂ ವರ್ಷಕ್ಕೆರಡು ದಿನ ಸೂರ್ಯ ನೆತ್ತಿಯ ಮೇಲೆ ಬಂದು ಕೋಲಿನ ನೆರಳು ಬುಡದಲ್ಲೇ ಅಡಗುತ್ತದೆ. ಬೆಂಗಳೂರಿನಲ್ಲಿ ಆ ದಿನಗಳು ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಬರುತ್ತವೆ. ಏಪ್ರಿಲಿನದು ಬೇಸಿಗೆ ರಜೆಗೆ ಸಿಕ್ಕಿಬಿಡುತ್ತದೆ, ಆಗಸ್ಟಿನದು ಮೋಡಕ್ಕೆ. ಆದ್ದರಿಂದ ಒಂದೇ ದಿನಕ್ಕೆ ಕಾಯದೆ ಆಗಸ್ಟಿನ ಹಿಂದುಮುಂದಿನ ವಾರಗಳಲ್ಲಿ ಬಿಸಿಲು ಬಿದ್ದ ದಿನಗಳಂದು ನಡುಹಗಲಿನ ನೆರಳನ್ನು ಅಳೆಯುತ್ತ ಬಂದರೆ ನೆರಳು ದಕ್ಷಿಣದಿಂದ ಉತ್ತರಕ್ಕೆ ದಾಟುವುದು ಕಾಣುತ್ತದೆ. ಅಕ್ಷಾಂಶವೆಂಬುದು ಗ್ಲೋಬಿನ ಮೇಲಿನ ಗೆರೆ ಮಾತ್ರವಲ್ಲ, ಅಂಗಳದಲ್ಲಿ ಅಳೆಯಬಹುದಾದ ಸಂಗತಿ ಎಂದು ಗೊತ್ತಾಗುತ್ತದೆ.

ಶಿಕ್ಷಕಿ: ಇತಿಹಾಸ ಮಾತ್ರ ವಿಜ್ಞಾನಕ್ಕೆ ದೂರದ್ದು ಎನಿಸುತ್ತದೆ. ವಿಜ್ಞಾನಿಗಳ ಜೀವನ ಚರಿತ್ರೆ ಹೇಳುವುದಕ್ಕಿಂತ ಹೆಚ್ಚಿನ ಸಂಬಂಧ ಇದೆಯೇ?

ಸಂಪನ್ಮೂಲ ವ್ಯಕ್ತಿ: ಡ್ಯೂಯಿ 1899ರ ‘ಶಾಲೆ ಮತ್ತು ಸಮಾಜ’ ಎಂಬ ತಮ್ಮ ಪುಸ್ತಕದಲ್ಲಿ ಕೊಟ್ಟಿರುವ ಉದಾಹರಣೆಯೇ ಇದಕ್ಕೆ ಉತ್ತರ. ಮಕ್ಕಳ ಕೈಗೆ ಹತ್ತಿ ಮತ್ತು ಕುರಿಯ ಉಣ್ಣೆ ಕೊಟ್ಟರು. ಒಂದು ಗುಂಪು ಅರ್ಧ ಗಂಟೆ ಬೆರಳಿನಿಂದ ಬೀಜ ಬಿಡಿಸಿದರೂ ಸಿಕ್ಕಿದ ಅರಳೆ ಒಂದು ಔನ್ಸೂ ಇರಲಿಲ್ಲ, ಅಂದರೆ 28 ಗ್ರಾಮಿಗೂ ಕಡಿಮೆ. ಅಲ್ಲಿ ಉಣ್ಣೆಯ ಉದ್ಯಮ ಮೊದಲು ಬೆಳೆದು ಹತ್ತಿಯದು ಏಕೆ ತಡವಾಯಿತು ಎಂಬುದನ್ನು ಮಕ್ಕಳೇ ಕಂಡುಕೊಂಡರು. 1793ರಲ್ಲಿ ಇಲೈ ವಿಟ್ನಿ ಹತ್ತಿ ಬಿಡಿಸುವ ಯಂತ್ರ ಮಾಡಿದ ಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹತ್ತಿಯ ಬೆಳೆ ಹಬ್ಬಿತು. ಅದರೊಂದಿಗೆ ಗುಲಾಮಗಿರಿಯೂ ಹಬ್ಬಿತು. ಎಳೆಯ ಗುಣ, ಯಂತ್ರದ ರಚನೆ, ಜನರ ಬದುಕು ಒಂದೇ ಸರಪಳಿಯಲ್ಲಿ ಕಾಣುತ್ತವೆ.

ಶಿಕ್ಷಕಿ: ಹಾವೇರಿ, ಧಾರವಾಡ, ರಾಯಚೂರು ಕಡೆಯ ಶಾಲೆಗಳಲ್ಲಿ ಇದನ್ನು ಮಾಡುವುದು ಕಷ್ಟವಲ್ಲ. ಹತ್ತಿ ಊರಲ್ಲೇ ಇದೆ. ನೂರು ಗ್ರಾಂ ಹತ್ತಿ ತೂಗಿ, ಬಿಡಿಸಿ, ಅರಳೆ ಬೇರೆ, ಬೀಜ ಬೇರೆ ತೂಗಿದರೆ ಅರಳೆ ಸುಮಾರು ಮೂರನೆಯ ಒಂದು ಭಾಗ ಬರುತ್ತದೆ. ರೈತರು ಮಾರುವ ತೂಕದಲ್ಲಿ ಹೆಚ್ಚಿನದು ಬೀಜ ಎಂದು ಮಕ್ಕಳಿಗೆ ತಿಳಿದಾಗ ಜಿನ್ನಿಂಗ್ ಗಿರಣಿಯ ಲೆಕ್ಕವೂ ಅರ್ಥವಾಗುತ್ತದೆ.

ಸಂಪನ್ಮೂಲ ವ್ಯಕ್ತಿ: ಭಾರತದಲ್ಲಿ ಎರಡು ಉರುಳೆಗಳ ನಡುವೆ ಹತ್ತಿ ಹಾಯಿಸಿ ಬೀಜ ಬಿಡಿಸುವ ಕೈಸಾಧನ ವಿಟ್ನಿಗಿಂತ ಶತಮಾನಗಳ ಹಿಂದೆಯೇ ಬಳಕೆಯಲ್ಲಿತ್ತು ಎಂಬುದನ್ನೂ ಹೇಳಬೇಕು. ಹಳೆಯ ಮನೆಗಳಲ್ಲಿ ಅಂಥ ಸಾಧನ ಉಳಿದಿದ್ದರೆ ಅದರ ಉರುಳೆಗಳು ಹೇಗೆ ತಿರುಗುತ್ತವೆ ಎಂದು ನೋಡುವುದು ಸರಳ ಯಂತ್ರಗಳ ಪಾಠ.

ಶಿಕ್ಷಕಿ: ಚಿತ್ರಕಲೆ, ಸಂಗೀತ, ಆಟಗಳ ಪಾಲೇನು?

ಸಂಪನ್ಮೂಲ ವ್ಯಕ್ತಿ: ಚಿತ್ರ ಬರೆಯುವುದು ನೋಡುವುದನ್ನು ಕಲಿಸುತ್ತದೆ. ಇರುವೆಯನ್ನು ನೆನಪಿನಿಂದ ಬರೆ ಎಂದರೆ ನಾಲ್ಕು ಕಾಲು, ಎಂಟು ಕಾಲು, ಮೈತುಂಬ ಕಾಲು ಎಲ್ಲವೂ ಬರುತ್ತವೆ. ಆಮೇಲೆ ಭೂತಗನ್ನಡಿ ಕೊಟ್ಟು ನಿಜವಾದ ಇರುವೆಯನ್ನು ನೋಡಿ ಬರೆಸಿದರೆ ಆರೇ ಕಾಲು, ಆರೂ ಮೈಯ ನಡುಭಾಗಕ್ಕೇ ಅಂಟಿವೆ ಎಂದು ಕಾಣುತ್ತದೆ. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಗೋಡೆಗೆ ಹಚ್ಚಬೇಕು. ಕಲಿತದ್ದೇನು ಎಂದು ಬೇರೆ ಹೇಳಬೇಕಿಲ್ಲ. ಸಂಗೀತಕ್ಕೆ ಬಂದರೆ, ಒಂದೇ ಅಳತೆಯ ಬಟ್ಟಲುಗಳಿಗೆ ಬೇರೆಬೇರೆ ಮಟ್ಟದ ನೀರು ತುಂಬಿ ಕಡ್ಡಿಯಿಂದ ತಟ್ಟಿದರೆ ಹೆಚ್ಚು ನೀರಿನ ಬಟ್ಟಲು ತಗ್ಗಿನ ಸ್ವರ ಕೊಡುತ್ತದೆ. ಜಲತರಂಗ ನುಡಿಸುವವರು ಶ್ರುತಿ ಹೊಂದಿಸುವುದು ಹೀಗೆಯೇ. ಕಬಡ್ಡಿಗೆ ಮುಂಚೆ ಮತ್ತು ಆಟದ ಬೆನ್ನಲ್ಲೇ ಹದಿನೈದು ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸಿದರೆ ದೇಹದ ಪಾಠ ಆಟದ ಬಯಲಲ್ಲೇ ನಡೆಯುತ್ತದೆ.

ಶಿಕ್ಷಕಿ: ಇಷ್ಟೆಲ್ಲ ಆದ ಮೇಲೆ ಒಂದು ಆತಂಕ ಉಳಿಯುತ್ತದೆ. ಎಲ್ಲವನ್ನೂ ಬೆರೆಸಿದಾಗ ವಿಜ್ಞಾನವೇ ಕರಗಿಹೋದರೆ?

ಸಂಪನ್ಮೂಲ ವ್ಯಕ್ತಿ: ಆತಂಕ ಸರಿಯಾದದ್ದೇ. ಜಲಚಕ್ರದ ಹಾಡು ಬಾಯಿಪಾಠ ಮಾಡಿದ ಮಗುವಿಗೆ ಒದ್ದೆ ಬಟ್ಟೆ ಒಣಗಿದಾಗ ನೀರು ಎಲ್ಲಿಗೆ ಹೋಯಿತು ಎಂದು ಹೇಳಲು ಬಾರದೆ ಇರಬಹುದು. ಹಾಡು ಚೆನ್ನಾಗಿತ್ತು, ಪರಿಕಲ್ಪನೆ ಬರಲಿಲ್ಲ. ಅದಕ್ಕೇ ಪ್ರತಿ ವಿಷಯದ ಸ್ವಭಾವವನ್ನು ಕಾಪಾಡಬೇಕು. ಕಥೆಯಲ್ಲಿ ಬೀಜ ಮಾತಾಡಬಹುದು. ಪ್ರಯೋಗದ ವರದಿಯಲ್ಲಿ ಬೀಜ ‘ಬಾಯಾರಿತು’ ಎಂದು ಬರೆಯುವಂತಿಲ್ಲ. ಕಥೆಗೆ ಕಲ್ಪನೆ ಬಲ, ವಿಜ್ಞಾನಕ್ಕೆ ಸಾಕ್ಷ್ಯ ಬಲ. ಈ ಎರಡರ ವ್ಯತ್ಯಾಸ ಮಗುವಿಗೆ ತಿಳಿದಿರಬೇಕು.

ಶಿಕ್ಷಕಿ: ಕ್ರಮದ ಪ್ರಶ್ನೆಯೂ ಇದೆ. ದಶಮಾಂಶ ಕಲಿಯದ ತರಗತಿಗೆ 7.5 ಮಿಲಿಮೀಟರ್ ಮಳೆ ಎಂದರೆ ಅರ್ಥವಾಗುವುದಿಲ್ಲ.

ಸಂಪನ್ಮೂಲ ವ್ಯಕ್ತಿ: ಅಲ್ಲಿ ಪೂರ್ಣ ಮಿಲಿಮೀಟರ್ ಸಾಕು, ದಶಮಾಂಶದ ಪಾಠ ಬಂದಾಗ ಅದೇ ಮಳೆ ಪುಸ್ತಕಕ್ಕೆ ಮರಳಬಹುದು. ಜೂನ್‌ನಲ್ಲೇ ಎಲ್ಲ ವಿಷಯಗಳ ವಾರ್ಷಿಕ ಯೋಜನೆಯನ್ನು ಒಟ್ಟಿಗೆ ಹರಡಿಕೊಂಡು ನೋಡಿದರೆ ಯಾವ ಕಲಿಕಾಂಶ ಯಾವ ತಿಂಗಳಲ್ಲಿ ಬರುತ್ತದೆ, ಎಲ್ಲಿ ಎರಡು ಸಹಜವಾಗಿ ಸೇರುತ್ತವೆ ಎಂದು ಕಾಣುತ್ತದೆ. ವರ್ಷಕ್ಕೆ ಇಂಥ ಮೂರು ನಾಲ್ಕು ಘಟಕ ಸಾಕು. ಉಳಿದದ್ದನ್ನು ನೇರವಾಗಿ ಕಲಿಸಬೇಕು. ಬ್ಯಾಟರಿ, ತಂತಿ, ಬಲ್ಬು ಹಿಡಿದು ಮಂಡಲ ಕೂಡಿಸುವ ಮಗುವಿಗೆ ಆ ಹೊತ್ತಿಗೆ ಹಾಡೂ ಬೇಡ, ಭೂಪಟವೂ ಬೇಡ. ಮಗ್ಗಿಯ ಅಭ್ಯಾಸ, ಕಾಗುಣಿತದ ಅಭ್ಯಾಸವೂ ಹಾಗೆಯೇ.

ಶಿಕ್ಷಕಿ: ಸಮಯ ಎಲ್ಲಿಂದ ಬರುತ್ತದೆ? ನಲವತ್ತು ನಿಮಿಷದ ಅವಧಿಯಲ್ಲಿ ಮಕ್ಕಳನ್ನು ಹೊರಗೆ ಕರೆದೊಯ್ದು ಒಳಗೆ ತರುವಷ್ಟರಲ್ಲೇ ಗಂಟೆ ಹೊಡೆಯುತ್ತದೆ.

ಸಂಪನ್ಮೂಲ ವ್ಯಕ್ತಿ: ಕಿರಿಯ ಪ್ರಾಥಮಿಕ ಶಾಲೆಗೆ ಇಲ್ಲಿ ಒಂದು ಅನುಕೂಲವಿದೆ. ಅಲ್ಲಿ ಹೆಚ್ಚಾಗಿ ಒಬ್ಬರೇ ಎಲ್ಲ ವಿಷಯ ಕಲಿಸುತ್ತಾರೆ, ಎರಡು ಅವಧಿಗಳನ್ನು ಕೂಡಿಸಿಕೊಳ್ಳಲು ಯಾರನ್ನೂ ಕೇಳಬೇಕಿಲ್ಲ. ಹಲವು ತರಗತಿಗಳು ಒಂದೇ ಕೋಣೆಯಲ್ಲಿರುವ ಶಾಲೆಗಳಿಗೆ ನಲಿ-ಕಲಿಯ ಅನುಭವವೂ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಆಂಧ್ರದ ರಿಷಿವ್ಯಾಲಿಯ ಪ್ರೇರಣೆಯಿಂದ ಆರಂಭವಾದ ಈ ಪದ್ಧತಿ ಗುಂಪು, ಕಾರ್ಡು, ಕಲಿಕಾ ಏಣಿಗಳ ಮೂಲಕ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಸಾಗುವುದನ್ನು ರೂಢಿ ಮಾಡಿತು. ಮಳೆ ಓದುವ ಕೆಲಸದಲ್ಲೂ ಎರಡನೆಯ ತರಗತಿಯವರು ಮೋಡದ ಚಿತ್ರ ಬರೆಯಬಹುದು, ಮೂರನೆಯವರು ಅಳತೆ ಓದಬಹುದು, ಐದನೆಯವರು ಲೀಟರಿನ ಲೆಕ್ಕ ಹಾಕಬಹುದು. ಆರನೆಯ ತರಗತಿಯಿಂದ ಮುಂದೆ ವಿಷಯವಾರು ಶಿಕ್ಷಕರು ಇರುವುದರಿಂದ ಅವರು ತಿಂಗಳಿಗೊಮ್ಮೆ ಕೂತು ಮಾತಾಡುವುದು ಅಗತ್ಯ. ರೇಖಾಂಶದ ಪಾಠವೂ ನೆರಳಿನ ಪಾಠವೂ ಒಂದೇ ವಾರ ಬಂದರೆ ಇಬ್ಬರ ಸಮಯವೂ ಉಳಿಯುತ್ತದೆ.

ಶಿಕ್ಷಕಿ: ಕೊನೆಗೆ ಪರೀಕ್ಷೆ. ಬೆಸೆದು ಕಲಿಸಿ ಬಿಡಿಬಿಡಿಯಾಗಿ ಅಂಕ ಕೊಡುವುದು ಹೇಗೆ?

ಸಂಪನ್ಮೂಲ ವ್ಯಕ್ತಿ: 2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಹೇಳುತ್ತದೆ. ರೂಪಣಾತ್ಮಕ ಮೌಲ್ಯಮಾಪನದಲ್ಲಿ ಮಳೆ ಪುಸ್ತಕದ ಒಂದೇ ಪುಟವನ್ನು ಮೂರು ಕಣ್ಣಿನಿಂದ ನೋಡಬಹುದು. ಅಳತೆ ಸರಿಯಾಗಿ ಓದಿದೆಯೇ ಎಂಬುದು ವಿಜ್ಞಾನಕ್ಕೆ, ವಾರದ ಮೊತ್ತ ಮತ್ತು ಸ್ತಂಭಾಲೇಖ ಗಣಿತಕ್ಕೆ, ಹಿರಿಯರ ಸಂದರ್ಶನದ ಬರಹ ಭಾಷೆಗೆ. ಮಧ್ಯಪ್ರದೇಶದಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಆರಂಭವಾಗಿ 2002ರವರೆಗೆ ನಡೆದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಳ್ಳಲು ಬಿಟ್ಟಿತ್ತು, ಪ್ರಾಯೋಗಿಕ ಪರೀಕ್ಷೆಯನ್ನೂ ಇಟ್ಟಿತ್ತು. ನೆನಪಿನ ಬದಲು ಯೋಚನೆಯನ್ನೂ ಕೈಕೆಲಸವನ್ನೂ ಪರೀಕ್ಷಿಸಬಹುದೆಂದು ಸರ್ಕಾರಿ ಶಾಲೆಗಳಲ್ಲೇ ಅದು ತೋರಿಸಿತು.

ಶಿಕ್ಷಕಿ: ಹಾಗಾದರೆ ಒಂದು ಘಟಕ ಮುಗಿದ ಮೇಲೆ ಸಮನ್ವಯ ಫಲಿಸಿತೇ ಎಂದು ತಿಳಿಯಲು ಏನನ್ನು ನೋಡಬೇಕು?

ಸಂಪನ್ಮೂಲ ವ್ಯಕ್ತಿ: ಎರಡು ಸಂಗತಿಗಳನ್ನು. ‘ಇದು ನಿನಗೆ ಹೇಗೆ ಗೊತ್ತು?’ ಎಂದು ಕೇಳಿದರೆ ಮಗು ಪುಸ್ತಕವನ್ನೋ ಶಿಕ್ಷಕರನ್ನೋ ತೋರಿಸದೆ ತಾನು ಅಳೆದದ್ದನ್ನು, ಕಂಡದ್ದನ್ನು ತೋರಿಸಬೇಕು. ವಿಜ್ಞಾನದ ಜೊತೆ ಬಂದ ಇನ್ನೊಂದು ವಿಷಯದಲ್ಲೂ ಮಗು ಮುಂದೆ ಸಾಗಿರಬೇಕು: ಭಿನ್ನರಾಶಿ ಹೋಲಿಸಲು ಬಂದಿರಬೇಕು, ನಕ್ಷೆ ಓದಲು ಬಂದಿರಬೇಕು, ಇನ್ನೊಬ್ಬರು ಓದಿ ಮಾಡಬಹುದಾದಂತೆ ಬರೆಯಲು ಬಂದಿರಬೇಕು. ಇವೆರಡೂ ಆಗಿದ್ದರೆ ಬೆಸೆದದ್ದು ಸಾರ್ಥಕ. ಒಂದೇ ಆಗಿದ್ದರೆ ಮುಂದಿನ ಸಲ ಪ್ರಶ್ನೆಯನ್ನು ಬದಲಿಸಿಕೊಳ್ಳಬೇಕು.